ಅಡ್ವಾನ್ಸ್ ವಾಪಸ್: ಮೂರು ಮನೆ, ಮೂರು ದಾರಿ

ಮೂರು ಬಾಡಿಗೆ ಮನೆ ಖಾಲಿ ಮಾಡಿದ್ದೇನೆ. ಪ್ರತಿ ಸಲವೂ ಅಡ್ವಾನ್ಸ್ ಕೇಳಿದ ರೀತಿ ಬೇರೆ, ಕೈಗೆ ಬಂದ ದುಡ್ಡೂ ಬೇರೆ.

ಮೊದಲ ಮನೆಯಲ್ಲಿ ಬಾಯಿಮಾತು ನಂಬಿದೆ. ಓನರ್ 'ಮುಂದಿನ ವಾರ ಹಾಕ್ತೀನಿ' ಅಂದರು, ಕೀ ಕೊಟ್ಟು ಬಂದೆ. ಮೂರು ತಿಂಗಳು ಬರೀ ಫೋನ್. ಕೊನೆಗೆ ಮೊತ್ತ, ಖಾಲಿ ಮಾಡಿದ ದಿನ, 15 ದಿನದ ಗಡುವು ಬರೆದು ರಿಜಿಸ್ಟರ್ಡ್ ಪೋಸ್ಟ್‌ನಲ್ಲಿ ಪತ್ರ ಹಾಕಿದ ಮೇಲೆ ದುಡ್ಡು ಬಂತು, ಆದರೆ ಪೇಂಟಿಂಗ್, ಕ್ಲೀನಿಂಗ್ ಎಂದು ಮೂರನೇ ಒಂದು ಭಾಗ ಮುರಿದುಕೊಂಡೇ. ಗೋಡೆ ಮೊದಲು ಹೇಗಿತ್ತು ಎಂದು ತೋರಿಸಲು ನನ್ನ ಬಳಿ ಏನೂ ಇರಲಿಲ್ಲ. ಅದು ಇವತ್ತಿಗೂ ನೋವು.

ಆ ಭಯಕ್ಕೆ ಎರಡನೇ ಮನೆಯಲ್ಲಿ ಕೊನೆಯ ಎರಡು ತಿಂಗಳ ಬಾಡಿಗೆ ಕಟ್ಟದೆ 'ಅಡ್ವಾನ್ಸಲ್ಲಿ ಹಿಡಿದುಕೊಳ್ಳಿ' ಎಂದೆ. ದುಡ್ಡು ಉಳಿಯಿತು. ಆದರೆ ಹಾಗೆ ಮಾಡುವಂತಿಲ್ಲ ಎಂದು ಅಗ್ರಿಮೆಂಟಿನಲ್ಲೇ ಇತ್ತು, ಸಹಿ ಹಾಕಿದ್ದು ನಾನೇ. ತಪ್ಪು ನನ್ನ ಕಡೆಗೇ ವಾಲಿತು. ಓನರ್ ಬರೆದು ಒಪ್ಪಿದರೆ ಮಾತ್ರ ಈ ದಾರಿ ಹಿಡಿಯಬಹುದು.

ಮೂರನೇ ಮನೆಗೆ ಹೋದ ದಿನವೇ ಗೋಡೆ, ನೆಲ, ನಲ್ಲಿ, ಸಿಂಕ್, ಮೀಟರ್ ಎಲ್ಲದರ ಫೋಟೋ ತೆಗೆದು ಓನರ್‌ಗೆ ಕಳಿಸಿದೆ. ಬಿಡುವ ಎರಡು ವಾರ ಮೊದಲು ಅವರನ್ನೇ ಕರೆದು ಜೊತೆಗೆ ಒಂದು ಸುತ್ತು ಹಾಕಿದೆ. ಇದೇ ದೊಡ್ಡ ಅನುಕೂಲ: ಸಡಿಲವಾಗಿದ್ದ ಚಿಲಕ, ಬಾತ್‌ರೂಮಿನ ಕಲೆ ಎಲ್ಲವನ್ನೂ ನಾನೇ ಕಡಿಮೆ ಖರ್ಚಿನಲ್ಲಿ ಸರಿಮಾಡಿಸಿದೆ. ಬಿಸಿಲಿಗೆ ಮಾಸಿದ ಬಣ್ಣಕ್ಕೂ ದುಡ್ಡು ಹಿಡಿಯುವ ಮಾತು ಬಂತು. ವಾಸ ಮಾಡಿದ ಮನೆ ಸವೆಯುವುದು ಸಹಜ, ಒಡೆದದ್ದಕ್ಕೆ ಮಾತ್ರ ನಾನು ಹೊಣೆ ಎಂದೆ. ಒಡೆದ ಕಿಟಕಿ ಗಾಜಿನ ವಿಷಯ ನಾನೇ ಹೇಳಿದೆ, ಬಿಲ್ ನೋಡಿ ಒಪ್ಪಿದೆ. ಮೊಳೆ ಹೊಡೆದ ತೂತುಗಳ ಬಗ್ಗೆ ಮಾತ್ರ ವಾದ ಮುಗಿಯಲಿಲ್ಲ, ಅರ್ಧರ್ಧ ಮಾಡಿಕೊಂಡೆವು.

ಕೀ ಕೊಡುವ ದಿನ ಒಂದೇ ಹಾಳೆಯಲ್ಲಿ ಮೀಟರ್ ರೀಡಿಂಗ್, ಕೊಟ್ಟ ಕೀಗಳ ಸಂಖ್ಯೆ, ಕಡಿತ, ಬಾಕಿ, ಕೊಡುವ ತಾರೀಖು ಬರೆದು ಇಬ್ಬರೂ ಸಹಿ ಮಾಡಿದೆವು. ಆರನೇ ದಿನ ದುಡ್ಡು ಬಂತು.

ಮೂರರಲ್ಲಿ ನಾನು ಇದನ್ನೇ ಆರಿಸುತ್ತೇನೆ. ಮನೆಗೆ ಬಂದಾಗ ಫೋಟೋ ತೆಗೆಯದೇ ಇದ್ದವರು ಕೂಡ ಆ ಎರಡು ವಾರ ಮೊದಲಿನ ಸುತ್ತನ್ನು ಬಿಡಬೇಡಿ. ಸಹಿಯಾದ ಹಾಳೆ ಇದ್ದೂ ತಾರೀಖು ದಾಟಿದರೆ ಫೋನ್ ಹಿಡಿಯದೆ, ಅದರ ನಕಲು ಲಗತ್ತಿಸಿ ನೇರವಾಗಿ ಪತ್ರ ಹಾಕಿ.