ಮನೆಯಲ್ಲೇ ಚಾರ್ಜ್ ಮಾಡುವ ಸ್ಕೂಟರೋ, ಬ್ಯಾಟರಿ ಬದಲಿಸುವ ಸ್ಕೂಟರೋ?

ಎಲೆಕ್ಟ್ರಿಕ್ ಸ್ಕೂಟರ್ ಕೊಳ್ಳಲು ಹೊರಟವರು ಮೊದಲು ನೋಡಬೇಕಾದದ್ದು ಶೋರೂಮನ್ನಲ್ಲ, ತಮ್ಮ ಮನೆಯ ಪಾರ್ಕಿಂಗ್ ಜಾಗವನ್ನು. ಅಲ್ಲಿ ಪ್ಲಗ್ ಪಾಯಿಂಟ್ ಇದೆಯೇ?

ಇದ್ದರೆ ಏಥರ್ ರಿಜ್ಟಾದಂಥ, ಬ್ಯಾಟರಿ ಗಾಡಿಯಲ್ಲೇ ಕೂತಿರುವ ಸ್ಕೂಟರ್ ಸಾಕು. ರಾತ್ರಿ ಸಿಕ್ಕಿಸಿದರೆ ಬೆಳಿಗ್ಗೆ ಸಿದ್ಧ. ಸೀಟಿನ ಕೆಳಗೆ 34 ಲೀಟರ್ ಜಾಗ. ಹೆಲ್ಮೆಟ್ಟಿನ ಜೊತೆ ಸೊಪ್ಪಿನ ಕಟ್ಟೂ ಹಿಡಿಸುತ್ತದೆ.

ಮೂರನೇ ಮಹಡಿಯ ಬಾಡಿಗೆ ಮನೆ, ಕೆಳಗೆ ವೈರ್ ಎಳೆಯಲು ಮಾಲೀಕರು ಬಿಡುವುದಿಲ್ಲ ಎಂದಾದರೆ ಹೋಂಡಾದ ಆಕ್ಟಿವಾ ಇ ಕಡೆ ನೋಡಬಹುದು. 2024ರ ನವೆಂಬರ್‌ನಲ್ಲಿ ಬೆಂಗಳೂರಿನಲ್ಲಿ ಅನಾವರಣಗೊಂಡ ಇದರಲ್ಲಿ ತಲಾ 1.5 ಕಿಲೋವ್ಯಾಟ್ ಅವರ್ ಸಾಮರ್ಥ್ಯದ ಎರಡು ಬ್ಯಾಟರಿಗಳಿವೆ. ಖಾಲಿ ಬ್ಯಾಟರಿ ಕೊಟ್ಟು ಚಾರ್ಜ್ ಆದದ್ದನ್ನು ಪಡೆಯುವ ಸ್ವಾಪ್ ಕೇಂದ್ರದಲ್ಲಿ ಸೀಟೆತ್ತಿ, ಸುಮಾರು ಹತ್ತು ಕಿಲೋ ತೂಗುವ ಒಂದೊಂದನ್ನೂ ಹಿಡಿಕೆ ಹಿಡಿದು ಮೇಲಕ್ಕೆಳೆದು, ಅಲ್ಲಿನ ಗೂಡಿಗೆ ತಳ್ಳಿ, ತುಂಬಿದ್ದನ್ನು ಎತ್ತಿ ತಂದು ಕೂರಿಸಬೇಕು. ಕೆಲವೇ ನಿಮಿಷಗಳ ಕೆಲಸ, ಆದರೆ ಸೊಂಟನೋವಿನವರು ಎರಡು ಬಾರಿ ಯೋಚಿಸಲಿ. ಬ್ಯಾಟರಿ ಹಳತಾಗುವ ಚಿಂತೆ ನಿಮಗಿಲ್ಲ, ಬ್ಯಾಟರಿ ಬದಲಿಸಿಕೊಳ್ಳಲು ತಿಂಗಳ ಶುಲ್ಕ ಮಾತ್ರ ತಪ್ಪದು. ಸೀಟಿನಡಿ ಸಾಮಾನಿಗೆ ಎಡೆಯಿಲ್ಲ. ಮನೆಯಲ್ಲಿ ಚಾರ್ಜ್ ಮಾಡುವಂತೆಯೂ ಇಲ್ಲ! ಕೇಂದ್ರಗಳಿಲ್ಲದ ಊರಿನಲ್ಲಿ ಗಾಡಿಗೆ ಉಪವಾಸವೇ.

ಪ್ಲಗ್ ಇರುವವರಿಗೆ ನಾನಂತೂ ಆಕ್ಟಿವಾ ಇ ಕೊಳ್ಳಿ ಎಂದು ಹೇಳುವುದಿಲ್ಲ. ಇಲ್ಲದವರು ಹಣ ಕಟ್ಟುವ ಮೊದಲು ಕಚೇರಿಯ ದಾರಿಯಲ್ಲಿ ಸ್ವಾಪ್ ಕೇಂದ್ರ ಎಲ್ಲಿದೆ ಎಂದು ಕಣ್ಣಾರೆ ನೋಡಿಬರಲಿ.