ಹೊಗೆ ನಿಂತ ಕೆಂಡವನ್ನು ನಂಬಿ ಕಿಟಕಿ ಮುಚ್ಚಬೇಡಿ

ಮಳೆ ಜೋರಾಗಿ ಶಾಲೆಗೆ ರಜೆ ಕೊಟ್ಟಿದ್ದ ಜುಲೈ ತಿಂಗಳ ಒಂದು ಸೋಮವಾರ. ಶಿರಸಿಯಿಂದ ಬಂದಿದ್ದ ಅಕ್ಕ, ಭಾವ ಮತ್ತು ಅವರ ಮಗಳು ಆ ಮಳೆಯಲ್ಲಿ ಘಟ್ಟ ಹತ್ತುವುದು ಬೇಡವೆಂದು ಕಾರವಾರದ ನಮ್ಮ ಫ್ಲ್ಯಾಟಿನಲ್ಲೇ ಉಳಿದಿದ್ದರು. ಭಾವ ಹೊಸದಾಗಿ ಕೊಂಡಿದ್ದ ಇದ್ದಿಲಿನ ಗ್ರಿಲ್ ಒಲೆ ಕಾರಿನಲ್ಲೇ ಇತ್ತು. ಜೂನ್ 1ರಿಂದ ಜುಲೈ 31ರವರೆಗೆ ಟ್ರಾಲರ್ ದೋಣಿಗಳು ಕಡಲಿಗೆ ಇಳಿಯುವುದಿಲ್ಲ, ಬಂಗಡೆ ಎಲ್ಲಿಂದ ಸಿಗಬೇಕು? ಕೋಳಿ ತಂದೆವು.

ಬಾಲ್ಕನಿಗೆ ಇರಚಲು ಹೊಡೆಯುತ್ತಿತ್ತು. ಹಾಗಾಗಿ ಒಲೆಯನ್ನು ಅಡುಗೆಮನೆಯ ಕಟ್ಟೆಯ ಮೇಲೆ ಇಟ್ಟೆವು. ಗೆರಟೆ ಹಚ್ಚಿದಾಗ ಕಣ್ಣು ಬಿಡಲಾಗದಷ್ಟು ಹೊಗೆ ಬಂತು. ಆಗ ಎಲ್ಲ ಕಿಟಕಿ ತೆರೆದಿದ್ದೆವು, ಚಿಮಣಿಯನ್ನೂ ಹಾಕಿದ್ದೆವು. ಕಾಲು ಗಂಟೆಯಲ್ಲಿ ಹೊಗೆ ನಿಂತು ಇದ್ದಿಲು ಕೆಂಪಗಾಯಿತು. ಅಷ್ಟರಲ್ಲಿ ಮಳೆ ನೀರು ಒಳಗೆ ಬಂದು ನೆಲವೆಲ್ಲ ಒದ್ದೆ. 'ಹೊಗೆ ನಿಂತಿತಲ್ಲ, ಇನ್ನು ಕಿಟಕಿ ಯಾಕೆ' ಎಂದು ನಾನೇ ಮುಚ್ಚಿದೆ. ಈ ಬರಹ ಬರೆಯುತ್ತಿರುವುದೇ ಆ ಒಂದು ಮಾತಿಗಾಗಿ.

ಕೋಳಿ ಸುಟ್ಟು, ಊಟವೂ ಮುಗಿಯಿತು. ಕೆಂಡ ಇನ್ನೂ ಬಿಸಿ ಇತ್ತು. ಮೂರು ದಿನದಿಂದ ಒಣಗದ ಮಕ್ಕಳ ಯೂನಿಫಾರ್ಮ್ ಹಾಗೇ ತೂಗುತ್ತಿತ್ತು. ಮಳೆಗಾಲದಲ್ಲಿ ಕೆಂಡದ ಮೇಲೆ ಬಟ್ಟೆ ಒಣಗಿಸುವುದು ನಮ್ಮ ಕಡೆ ಹೊಸತಲ್ಲ ಅಲ್ವಾ? ಕುರ್ಚಿಯ ಬೆನ್ನಿಗೆ ಬಟ್ಟೆ ಹರವಿ, ಒಲೆಯನ್ನು ಪಕ್ಕದಲ್ಲಿಟ್ಟೆವು. ಕೆಂಡದ ಮೇಲೆ ಬಿಳಿ ಬೂದಿ ಕೂತಿತ್ತು. ನೋಡಿದರೆ ಆರಿಹೋದ ಹಾಗೆ ಕಾಣುತ್ತಿತ್ತು.

ಮೊದಲು ಆಯಿ ತಲೆನೋವು ಎಂದು ಹಣೆಗೆ ಕೈ ಒತ್ತಿಕೊಂಡು ಕೂತರು. ಸ್ವಲ್ಪ ಹೊತ್ತಿಗೆ ಅಕ್ಕನ ಮಗಳು ವಾಂತಿ ಮಾಡಿದಳು. 'ಕೋಳಿ ಬೆಂದಿರಲಿಲ್ಲವೇನೋ' ಎಂದು ಭಾವ ಹೇಳಿದರು, ನಾವೂ ಹಾಗೇ ಅಂದುಕೊಂಡೆವು. ಅಕ್ಕ ಲಿಂಬು ಶರಬತ್ತು ಮಾಡಲು ಎದ್ದವಳು ಗೋಡೆ ಹಿಡಿದು ನಿಂತಳು. ನನಗೆ ಕಾಲು ಸೋತ ಹಾಗೆ ಆಗುತ್ತಿತ್ತು, ಎದ್ದು ಬಾಗಿಲ ತನಕ ಹೋಗಲೂ ಮನಸ್ಸಿಲ್ಲ. ಆಗ ಹೊಳೆಯಿತು: ಆಯಿ ಸೋಮವಾರ ಕೋಳಿ ಮುಟ್ಟುವುದಿಲ್ಲ. ಅವರು ಉಂಡಿದ್ದು ಬರೀ ಅನ್ನ, ತಂಬುಳಿ. ಹಾಗಾದರೆ ಅವರಿಗೇ ಯಾಕೆ ಮೊದಲು ತಲೆನೋವು?

ಕೆಳಗಿನ ಮನೆಯವರು ನರ್ಸ್. ಫೋನ್ ಮಾಡಿದೆ. ಬಾಗಿಲು ತೆರೆದು ಒಳಗೆ ಕಾಲಿಟ್ಟವರು ಒಲೆ ಕಂಡದ್ದೇ ತಡ, 'ಮೊದಲು ಎಲ್ಲರೂ ಹೊರಗೆ ಬನ್ನಿ, ಚಪ್ಪಲಿ ಗಿಪ್ಪಲಿ ಬೇಡ' ಎಂದು ಕೂಗಿದರು. ಮೆಟ್ಟಿಲ ಮೇಲೆ ಕೂತೇ ಕೊರೋನಾ ಕಾಲದಲ್ಲಿ ತಂದಿದ್ದ ಆಕ್ಸಿಮೀಟರನ್ನು ಆಯಿಯ ಬೆರಳಿಗೆ ಹಾಕಿದೆ. 98 ತೋರಿಸಿತು. ನನಗೆ ಜೀವ ಬಂದ ಹಾಗಾಯಿತು. 'ಅದನ್ನು ನಂಬಬೇಡಿ' ಎಂದು ಅವರು ಬೆರಳಿನಿಂದ ಕಿತ್ತು ತೆಗೆದರು.

ಆಸ್ಪತ್ರೆಯಲ್ಲಿ ಡಾಕ್ಟರ್ ಬಿಡಿಸಿ ಹೇಳಿದರು. ಇದ್ದಿಲು ಉರಿಯುವಾಗ ಕಾರ್ಬನ್ ಮೊನಾಕ್ಸೈಡ್ ಬರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಕಣ್ಣೂ ಉರಿಯುವುದಿಲ್ಲ. ಹೊಗೆ ನಿಂತ ಮೇಲೂ, ಬೂದಿ ಮುಚ್ಚಿದ ಮೇಲೂ ಅದು ಬರುತ್ತಲೇ ಇರುತ್ತದೆ. ರಕ್ತದ ಹಿಮೋಗ್ಲೋಬಿನ್‌ಗೆ ಆಕ್ಸಿಜನ್‌ಗಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟುತ್ತದೆ. ಬೆರಳಿಗೆ ಹಾಕುವ ಮೀಟರಿಗೆ ಅದೂ ಆಕ್ಸಿಜನ್ನೂ ಒಂದೇ ಥರ ಕಾಣುತ್ತದೆ, ಅದಕ್ಕೇ 98. ಹೊರಗಿನ ಗಾಳಿಯಲ್ಲಿ ಉಸಿರಾಡಿದರೆ ರಕ್ತದಲ್ಲಿ ಸೇರಿದ ಆ ಅನಿಲ ಅರ್ಧಕ್ಕೆ ಇಳಿಯಲು ಸುಮಾರು 4-5 ಗಂಟೆ ಬೇಕು, ಮಾಸ್ಕ್ ಹಾಕಿ ಪೂರ್ತಿ ಆಕ್ಸಿಜನ್ ಕೊಟ್ಟರೆ ಒಂದು-ಒಂದೂವರೆ ಗಂಟೆ. ಆಯಿ ಮತ್ತು ಹುಡುಗಿ ರಾತ್ರಿಯಿಡೀ ಮಾಸ್ಕ್ ಹಾಕಿಕೊಂಡು ಮಲಗಿದ್ದರು. ಈಗ ಎಲ್ಲರೂ ಆರಾಮಾಗಿದ್ದಾರೆ.

ಚಿಮಣಿ ಹಾಕಿದ್ದೆವಲ್ಲ ಎಂದು ನನಗೆ ಆಮೇಲೂ ಕೊರೆಯುತ್ತಿತ್ತು. ನಮ್ಮದು ಪೈಪ್ ಇಲ್ಲದ ಚಿಮಣಿ. ಗೋಡೆ ಕೊರೆಯುವುದೇ ಬೇಡ, ಫಿಲ್ಟರ್ ಎಲ್ಲವನ್ನೂ ಹೀರಿಕೊಳ್ಳುತ್ತದೆ ಎಂದು ಅಂಗಡಿಯವನು ಹೇಳಿದ್ದ. ಅದು ಹಿಡಿಯುವುದು ಜಿಡ್ಡು ಮತ್ತು ವಾಸನೆಯನ್ನು ಮಾತ್ರ. ಈ ಅನಿಲ ಫಿಲ್ಟರ್ ದಾಟಿ ಮತ್ತೆ ಅದೇ ಕೋಣೆಗೆ ಬರುತ್ತದೆ. ನಿಮ್ಮ ಚಿಮಣಿಯ ಪೈಪ್ ಗೋಡೆಯಿಂದ ಹೊರಗೆ ಹೋಗಿದೆಯಾ ಎಂದು ಇವತ್ತೇ ಎದ್ದು ನೋಡಿ. ಎಕ್ಸಾಸ್ಟ್ ಫ್ಯಾನ್ ಇದ್ದರೂ ಎದುರಿನ ಕಿಟಕಿ ಸ್ವಲ್ಪ ತೆರೆದಿರಬೇಕು. ಒಳಗೆ ಗಾಳಿ ಬಾರದೆ ಫ್ಯಾನ್ ಹೊರಗೆ ಏನನ್ನು ತಳ್ಳೀತು? ಇದೆಲ್ಲ ಗ್ಯಾಸ್ ಒಲೆಗೆ ಹೇಳಿದ ಮಾತು. ಇದ್ದಿಲಿಗೆ ಮಾತ್ರ ಯಾವ ಚಿಮಣಿಯನ್ನೂ ನಂಬಬೇಡಿ, ಅದು ಬಯಲಿನಲ್ಲೇ ಇರಲಿ. ಗಾಜು ಮುಚ್ಚಿದ ಬಾಲ್ಕನಿ ಬಯಲಲ್ಲ.

ಅಂಕೋಲೆಯ ನಮ್ಮ ಹಳೇ ಮನೆಯಲ್ಲಿ ದಿನವಿಡೀ ಕಟ್ಟಿಗೆ ಒಲೆ ಉರಿಯುತ್ತಿತ್ತು. ಹಂಚಿನ ಸಂದಿಯಿಂದ, ಬೆಳಕಿಂಡಿಯಿಂದ ಗಾಳಿ ಆಡುತ್ತಲೇ ಇತ್ತು. ಆ ಅಭ್ಯಾಸವನ್ನು ಗಾಜಿನ ಕಿಟಕಿಯ ಫ್ಲ್ಯಾಟಿಗೆ ತಂದದ್ದೇ ನಾವು ಮಾಡಿದ ತಪ್ಪು. ಈಗ ಹಾಲ್‌ನಲ್ಲಿ ಕಾರ್ಬನ್ ಮೊನಾಕ್ಸೈಡ್ ಅಲಾರಂ ಹಾಕಿಸಿದ್ದೇನೆ. ಬರೀ ಹೊಗೆಯ ಅಲಾರಂ ಇದಕ್ಕೆ ಕೂಗುವುದಿಲ್ಲ, ಕೊಳ್ಳುವಾಗ ನೋಡಿ ತೆಗೆದುಕೊಳ್ಳಿ. ಬಚ್ಚಲಲ್ಲಿ ಗ್ಯಾಸ್ ಗೀಸರ್ ಇದ್ದವರೂ ಜಾಗ್ರತೆ, ಅಲ್ಲೂ ಬರುವುದು ಇದೇ ಅನಿಲ.

ಮನೆಯಲ್ಲಿ ಒಟ್ಟಿಗೆ ಇಬ್ಬರು ಮೂವರಿಗೆ ತಲೆನೋವು, ವಾಂತಿ, ತಲೆಸುತ್ತು ಬಂದರೆ ಏನು ತಿಂದೆವು ಎಂದು ಲೆಕ್ಕ ಹಾಕುತ್ತಾ ಕೂರಬೇಡಿ. ಮೊದಲು ಹೊರಗೆ ಬನ್ನಿ. ಆಸ್ಪತ್ರೆಗೆ ಹೋದ ಕೂಡಲೇ 'ಮುಚ್ಚಿದ ಮನೆಯೊಳಗೆ ಕೆಂಡ ಇತ್ತು' ಎಂದು ನೀವೇ ಬಾಯಿಬಿಟ್ಟು ಹೇಳಿ. ಬೆರಳಿನ ಮೀಟರ್ ಅದನ್ನು ಹೇಳುವುದಿಲ್ಲ.