ಗ್ಯಾರೇಜಿನ ಇಲಿಗೆ ಮರದ ಸ್ಪ್ರಿಂಗ್ ಟ್ರ್ಯಾಪ್: ತಗೊಳ್ಳಿ, ಆದರೆ ಪೊರಕೆ ಮುಟ್ಟಬೇಡಿ

ಅಮೆರಿಕದ ನ್ಯೂ ಮೆಕ್ಸಿಕೊ ರಾಜ್ಯದ ಆಲ್ಬುಕರ್ಕಿಯಲ್ಲಿ ನಮ್ಮ ಮನೆ ಊರಂಚಿಗಿದೆ, ಚಳಿ ಶುರುವಾದರೆ ಸಾಕು ಗ್ಯಾರೇಜಿಗೆ ಇಲಿಗಳು ನುಗ್ಗುತ್ತವೆ. ಹಾರ್ಡ್‌ವೇರ್ ಅಂಗಡಿಯಿಂದ ಮರದ ಹಲಗೆಯ ಹಳೇ ಮಾದರಿ ಸ್ಪ್ರಿಂಗ್ ಟ್ರ್ಯಾಪ್ ತಂದೆವು. ಬೆಲೆ ಕಡಿಮೆ, ಕೆಲಸ ಪಕ್ಕಾ. ಪೀನಟ್ ಬಟರ್ ಒಂಚೂರು ಸವರಿ, ಅದು ಸವರಿದ ತುದಿ ಗೋಡೆಗೆ ತಾಗುವ ಹಾಗೆ ಇಟ್ಟರೆ ಸಾಕು. ಸ್ಪ್ರಿಂಗ್ ತುಂಬಾ ಬಿಗಿ, ಮಕ್ಕಳ ಕೈಗೆ ಸಿಗಬಾರದು.

ನನ್ನ ತಕರಾರು ಪ್ಯಾಕೆಟ್ಟಿನ ಬರಹದ ಬಗ್ಗೆ. ಇಲಿ ಹಿಡಿಯುವುದು ಹೇಗೆ ಅಂತ ಚಿತ್ರ ಸಮೇತ ಇದೆ, ಹಿಡಿದ ಮೇಲೆ ಏನು ಮಾಡಬೇಕು ಅಂತ ಒಂದು ಸಾಲೂ ಇಲ್ಲ. ಈ ಕಡೆ ಅದೇ ಅಲ್ವಾ ಮುಖ್ಯ? ಇಲ್ಲಿನ ಡೀರ್ ಮೌಸ್, ಅಂದರೆ ಕಂದು ಬೆನ್ನು, ಬಿಳಿ ಹೊಟ್ಟೆಯ ಪುಟ್ಟ ಇಲಿ, ಇಲಿಯಿಂದ ಮನುಷ್ಯರಿಗೆ ಹರಡುವ ಹಂಟಾ ವೈರಸ್ ಹೊತ್ತಿರಬಹುದು. 1993ರಲ್ಲಿ ಈ ಭಾಗದಲ್ಲೇ ಗಟ್ಟಿಮುಟ್ಟಾಗಿದ್ದ ಹರೆಯದವರು ಉಸಿರು ಕಟ್ಟಿ ಸತ್ತಾಗ ಈ ವೈರಸ್ಸಿನ ಇಲ್ಲಿನ ತಳಿ ಪತ್ತೆಯಾಯಿತು. 2025ರಲ್ಲಿ ಇದೇ ರಾಜ್ಯದ ಸಾಂಟಾ ಫೇಯಲ್ಲಿ ಹಾಲಿವುಡ್ ನಟ ಜೀನ್ ಹ್ಯಾಕ್‌ಮನ್ ಅವರ ಪತ್ನಿ ಬೆಟ್ಸಿ ಅರಕಾವಾ ತೀರಿಕೊಂಡದ್ದೂ ಇದರಿಂದಲೇ. ಶ್ವಾಸಕೋಶಕ್ಕೆ ಇಳಿದರೆ 100ರಲ್ಲಿ ಸುಮಾರು 38 ಜನ ಉಳಿಯುವುದಿಲ್ಲ. ನಮ್ಮ ಕರ್ನಾಟಕದ ಕಡೆಯ ಇಲಿ ಜ್ವರ ಬೇರೆ. ಅದು ಬ್ಯಾಕ್ಟೀರಿಯಾದಿಂದ ಬರುತ್ತದೆ, ಆಂಟಿಬಯೋಟಿಕ್ ಕೊಡುತ್ತಾರೆ. ಹಂಟಾಗೆ ಅಂಥ ಔಷಧಿಯೇ ಇಲ್ಲ.

ಹಿಕ್ಕೆ ಕಂಡ ಕೂಡಲೇ ನಮ್ಮ ಕೈ ಹೋಗುವುದು ಪೊರಕೆಗೆ. ದಯವಿಟ್ಟು ಬೇಡ, ವ್ಯಾಕ್ಯೂಮ್ ಕೂಡ ಬೇಡ. ಒಣಗಿದ ಹಿಕ್ಕೆ, ಮೂತ್ರ ಧೂಳಾಗಿ ಮೇಲೇಳುತ್ತದೆ, ಅದನ್ನು ಉಸಿರಾಡಿದರೆ ವೈರಸ್ ಒಳಗೆ ಹೋಗಬಹುದು. ಗ್ಯಾರೇಜ್ ಬಾಗಿಲು ತೆಗೆದು ಅರ್ಧ ಗಂಟೆ ಬಿಡಿ, ಆಮೇಲೆ ಗ್ಲೌಸ್ ಹಾಕಿಕೊಂಡು, ಒಂದು ಪಾಲು ಬ್ಲೀಚಿಗೆ ಒಂಬತ್ತು ಪಾಲು ನೀರು ಬೆರೆಸಿ, ಸತ್ತ ಇಲಿ, ಟ್ರ್ಯಾಪ್, ಹಿಕ್ಕೆ ಎಲ್ಲವೂ ಚೆನ್ನಾಗಿ ತೊಯ್ಯುವಂತೆ ಸಿಂಪಡಿಸಿ, ಐದು ನಿಮಿಷ ಬಿಟ್ಟು ಪೇಪರ್ ಟವೆಲ್‌ನಿಂದ ಒರೆಸಿ.

ಅಂಟಿನ ಪ್ಯಾಡ್ ಬೇಡವೇ ಬೇಡ. ಸಿಕ್ಕಿಬಿದ್ದ ಇಲಿ ಜೀವಂತ ಒದ್ದಾಡುತ್ತಾ ಹೆದರಿ ಮೂತ್ರ ಮಾಡುತ್ತದೆ, ಅಪಾಯ ಜಾಸ್ತಿ. ಇಲಿಗೂ ಅದು ಹಿಂಸೆ.

ಟ್ರ್ಯಾಪ್ ಜೊತೆಗೆ ಸ್ಟೀಲ್ ವುಲ್ ತಂದು, ಪೈಪ್ ಸುತ್ತ ಬೆರಳು ತೂರದ ಸಂದನ್ನೂ ಮುಚ್ಚಿ. ಕಾಲಿಂಚು ತೂತು ಇದ್ದರೂ ಇಲಿ ನುಸುಳುತ್ತದೆ. ಇಷ್ಟಾದ ಮೇಲೂ, ಇಲಿ ಇದ್ದ ಜಾಗ ಸ್ವಚ್ಛ ಮಾಡಿದ ಎಂಟು ವಾರದೊಳಗೆ ಜ್ವರ, ತೊಡೆ ಬೆನ್ನಲ್ಲಿ ನೋವು ಬಂದರೆ ಫ್ಲೂ ಅಂತ ಸುಮ್ನೆ ಮಲಗಬೇಡಿ. ಡಾಕ್ಟರಿಗೆ ಮೊದಲು ಇಲಿ ವಿಷಯ ಹೇಳಿ.